ತಪಾಸಣೆ ಶೇ. 95 ಮುಗಿದರೂ ಯಂತ್ರಗಳು ನಿಲ್ಲುವುದೇಕೆ?

ಪ್ರಶ್ನೆ: ಉಡುಪಿ ಜಿಲ್ಲೆಯ ಗೇರುಬೀಜ ಸಂಸ್ಕರಣಾ ಕಾರ್ಖಾನೆಯೊಂದರಲ್ಲಿ ಕಳೆದ ವರ್ಷದಿಂದ ನಿರ್ವಹಣಾ ವಿಭಾಗದ ಮುಖ್ಯಸ್ಥನಾಗಿದ್ದೇನೆ. ಬಾಯ್ಲರ್, ಬೀಜ ಒಡೆಯುವ ಯಂತ್ರಗಳು, ಡ್ರೈಯರ್‌ಗಳು, ಗಾಳಿಯ ಒತ್ತಡದಿಂದ ಸಿಪ್ಪೆ ತೆಗೆಯುವ ಯಂತ್ರಗಳು, ಬಣ್ಣ ನೋಡಿ ತಿರುಳು ವಿಂಗಡಿಸುವ ಕಲರ್ ಸಾರ್ಟರ್ ಹಾಗೂ ಎರಡು ಸ್ಕ್ರೂ ಕಂಪ್ರೆಸರ್‌ಗಳಿವೆ. ಫಿಟ್ಟರ್, ಎಲೆಕ್ಟ್ರೀಷಿಯನ್ ಸೇರಿ ಹನ್ನೊಂದು ಮಂದಿ ನನ್ನ ಕೈಕೆಳಗಿದ್ದಾರೆ. ನಮ್ಮ ಮುನ್ನೆಚ್ಚರಿಕೆ ನಿರ್ವಹಣೆಯ ವೇಳಾಪಟ್ಟಿ ಪ್ರತಿ ತಿಂಗಳೂ ಶೇ. 95ರಷ್ಟು ಪೂರ್ಣಗೊಳ್ಳುತ್ತದೆ. ಆದರೂ ಬ್ರೇಕ್‌ಡೌನ್ ಕಡಿಮೆಯಾಗಿಲ್ಲ; ಜೂನ್, ಜುಲೈ ತಿಂಗಳಲ್ಲಂತೂ ಹೇಳತೀರದು. ಉತ್ಪಾದನಾ ವಿಭಾಗದವರು ಯಂತ್ರ ಬಿಟ್ಟುಕೊಡುವುದಿಲ್ಲ. ಇನ್ನಿಬ್ಬರು ಫಿಟ್ಟರ್‌ಗಳನ್ನು ಕೇಳಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ತಪಾಸಣಾ ಕಾರ್ಡಿಗೆ ಸಹಿ ಬಿದ್ದಿದೆ ಎಂಬುದಷ್ಟೇ ಶೇ. 95 ಎಂಬ ಅಂಕೆಯಿಂದ ತಿಳಿಯುತ್ತದೆ. ಆ ಕಾರ್ಡಿನಲ್ಲಿರುವ ಕೆಲಸಕ್ಕೂ ನಿಮ್ಮಲ್ಲಿ ನಿಜವಾಗಿ ಆಗುತ್ತಿರುವ ಬ್ರೇಕ್‌ಡೌನ್‌ಗಳಿಗೂ ಸಂಬಂಧವಿದೆಯೇ ಎಂಬುದನ್ನು ನೀವೇ ಕುಳಿತು ನೋಡಬೇಕು. ಕಳೆದ ಹನ್ನೆರಡು ತಿಂಗಳ ಬ್ರೇಕ್‌ಡೌನ್ ಲಾಗ್‌ಬುಕ್ ಅನ್ನು ಮೇಜಿನ ಒಂದು ಕಡೆಗೂ ತಪಾಸಣಾ ಕಾರ್ಡುಗಳನ್ನು ಇನ್ನೊಂದು ಕಡೆಗೂ ಇಟ್ಟುಕೊಳ್ಳಿ. ಒಂದೊಂದು ಬ್ರೇಕ್‌ಡೌನ್ ಓದಿದಾಗಲೂ, ಇದನ್ನು ಮೊದಲೇ ಹಿಡಿಯಬಹುದಾಗಿದ್ದ ಅಥವಾ ತಡೆಯಬಹುದಾಗಿದ್ದ ಸಾಲು ಯಾವುದಾದರೂ ಕಾರ್ಡಿನಲ್ಲಿದೆಯೇ ಎಂದು ಹುಡುಕಿ. ಮಂಗಳೂರಿನ ಬೈಕಂಪಾಡಿ, ಪಣಂಬೂರು ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಈ ಕೆಲಸ ಮಾಡಿಸಿದಾಗಲೆಲ್ಲ ನಾನು ಕಂಡದ್ದು ಒಂದೇ: ಹೆಚ್ಚಿನ ಬ್ರೇಕ್‌ಡೌನ್‌ಗಳಿಗೆ ಎದುರಾಗಿ ಯಾವ ಸಾಲೂ ಇರುವುದಿಲ್ಲ, ಹೆಚ್ಚಿನ ಸಾಲುಗಳಿಗೆ ಎದುರಾಗಿ ಯಾವ ಬ್ರೇಕ್‌ಡೌನೂ ಇರುವುದಿಲ್ಲ. ಹೀಗಿರುವಾಗ ವೇಳಾಪಟ್ಟಿಯನ್ನು ಶೇ. 95ರಿಂದ 100ಕ್ಕೆ ಏರಿಸಿದರೂ ಏನೂ ಬದಲಾಗದು.

ನಿಮ್ಮ ಕಂಪ್ರೆಸರ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. "ಕಂಪ್ರೆಸರ್ ಪರಿಶೀಲಿಸಿ, ಸರಿಯಿದೆ/ಸರಿಯಿಲ್ಲ" ಎಂಬ ಸಾಲು ನಿಮ್ಮ ಕಾರ್ಡಿನಲ್ಲಿಯೂ ಇರಬಹುದು. ಅದನ್ನು ಓದಿದ ಫಿಟ್ಟರ್ ಏನು ನೋಡಬೇಕು? ಶಬ್ದ ಕೇಳುತ್ತಾನೆ, ಎಣ್ಣೆಯ ಮಟ್ಟ ನೋಡುತ್ತಾನೆ, ಸಹಿ ಹಾಕುತ್ತಾನೆ. ಈಗ ಕರಾವಳಿಯ ಮಳೆಗಾಲದ ಲೆಕ್ಕ ಹಾಕಿ. ಉಷ್ಣತೆ 30 ಡಿಗ್ರಿ, ಆರ್ದ್ರತೆ ಶೇ. 85 ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಿನ ಆವಿ ಇರುತ್ತದೆ. ನಿಮಿಷಕ್ಕೆ 6 ಘನ ಮೀಟರ್ ಗಾಳಿ ಎಳೆದುಕೊಳ್ಳುವ, ಅಂದರೆ ಸುಮಾರು 37 ಕಿಲೋವಾಟ್‌ನ ಸ್ಕ್ರೂ ಕಂಪ್ರೆಸರ್ ಗಂಟೆಗೆ 360 ಘನ ಮೀಟರ್ ಗಾಳಿಯ ಜೊತೆಗೆ 9 ಲೀಟರಿಗೂ ಹೆಚ್ಚು ನೀರನ್ನು ಒಳಗೆಳೆದುಕೊಳ್ಳುತ್ತದೆ. 7 ಬಾರ್ ಒತ್ತಡದಲ್ಲಿ, ಆಫ್ಟರ್‌ಕೂಲರ್ ದಾಟಿದ ಗಾಳಿ 40 ಡಿಗ್ರಿಗೆ ಇಳಿದಾಗ, ಆ ನೀರಿನ ಸುಮಾರು ಮುಕ್ಕಾಲು ಪಾಲು ಅಲ್ಲಿಯೇ ದ್ರವವಾಗಿ ಇಳಿಯುತ್ತದೆ. ಮಿಕ್ಕದ್ದರಲ್ಲಿ ಹೆಚ್ಚಿನದನ್ನು, ಗಾಳಿಯನ್ನು ತಂಪಾಗಿಸಿ ಒಣಗಿಸುವ ರೆಫ್ರಿಜರೇಟೆಡ್ ಡ್ರೈಯರ್ ತೆಗೆಯುತ್ತದೆ. ಇಷ್ಟೂ ನೀರು ಹೊರಗೆ ಹೋಗುವುದು ಬೆರಳಿನಷ್ಟು ಚಿಕ್ಕ ಆಟೋ ಡ್ರೈನ್ ವಾಲ್ವ್‌ಗಳ ಮೂಲಕ. ಅವು ಎಣ್ಣೆ ಮತ್ತು ತುಕ್ಕಿನ ಕೆಸರಿನಿಂದ ಕಟ್ಟಿಕೊಂಡರೆ ಕಂಪ್ರೆಸರ್ ಎಂದಿನಂತೆಯೇ ಓಡುತ್ತದೆ, ಒತ್ತಡವೂ ಸರಿಯಾಗಿರುತ್ತದೆ, ಕಾರ್ಡಿಗೆ ಸಹಿಯೂ ಬೀಳುತ್ತದೆ. ನೀರು ಮಾತ್ರ ಲೈನಿನಲ್ಲಿ ಮುಂದೆ ಸಾಗಿ ಸಿಪ್ಪೆ ತೆಗೆಯುವ ಯಂತ್ರಕ್ಕೂ ಸಾರ್ಟರಿನಲ್ಲಿ ಗಾಳಿಯೂದಿ ತಿರುಳನ್ನು ಬೇರ್ಪಡಿಸುವ ಎಜೆಕ್ಟರ್ ವಾಲ್ವ್‌ಗಳಿಗೂ ತಲುಪುತ್ತದೆ. ಒಣಗಿಸಿದ ತಿರುಳಿಗೆ ಮತ್ತೆ ತೇವ ತಗುಲಿದರೆ ಸಿಪ್ಪೆ ಬಿಡುವುದಿಲ್ಲ. ಆಗ ಸಿಪ್ಪೆ ತೆಗೆಯುವ ಯಂತ್ರವನ್ನೇ ಬಿಚ್ಚಿ ಕೂರುತ್ತೇವೆ.

ಆದ್ದರಿಂದ ಆ ಸಾಲು ಹೀಗಿರಬೇಕು: "ಪ್ರತಿ ಶಿಫ್ಟಿನಲ್ಲಿ ಆಟೋ ಡ್ರೈನಿನ ಟೆಸ್ಟ್ ಬಟನ್ ಒತ್ತಿ, ನೀರು ಹೊರಬಂದುದನ್ನು ಕಣ್ಣಾರೆ ನೋಡಿ, ಡ್ರೈಯರಿನ ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗತೊಡಗುವ ಉಷ್ಣತೆ) ಓದಿ ಬರೆಯಿರಿ, ಲೈನಿನ ಕೊನೆಯ ತುದಿಯ ಕಾಕ್ ತೆರೆದು ಬಿಳಿ ಬಟ್ಟೆಯ ಮೇಲೆ ಗಾಳಿ ಬಿಡಿ." ಇದಕ್ಕೆ ಕೆಲವೇ ನಿಮಿಷ ಸಾಕು. ಕಾರ್ಡಿನ ಪ್ರತಿಯೊಂದು ಸಾಲಿಗೂ ಅದು ಯಾವ ವೈಫಲ್ಯಕ್ಕಾಗಿ ಇದೆ ಎಂಬ ಉತ್ತರ ಇರಬೇಕು. ಉತ್ತರವಿಲ್ಲದ ಸಾಲನ್ನು ಅಳಿಸಲು ಹಿಂಜರಿಯಬೇಡಿ.

ಅಳಿಸಬೇಕಾದವುಗಳಲ್ಲಿ ಮೊದಲನೆಯದು, ಸರಿಯಾಗಿ ಓಡುತ್ತಿರುವ ಯಂತ್ರವನ್ನು ಇಂತಿಷ್ಟು ತಿಂಗಳಿಗೊಮ್ಮೆ ಬಿಚ್ಚಿ ನೋಡುವ ಕೆಲಸ. ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಎಂಬ ಇಬ್ಬರು 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಸಲ್ಲಿಸಿದ ವರದಿ ಈ ಕ್ಷೇತ್ರದ ಚಿಂತನೆಯನ್ನೇ ಬದಲಿಸಿತು. ಅವರು ಅಧ್ಯಯನ ಮಾಡಿದ ವಿಮಾನದ ಬಿಡಿಭಾಗಗಳಲ್ಲಿ ಶೇ. 11ರಷ್ಟಕ್ಕೆ ಮಾತ್ರ ವಯಸ್ಸಿನ ಮಿತಿ ಹಾಕಿ ಬದಲಿಸುವುದರಿಂದ ಪ್ರಯೋಜನವಿತ್ತು, ಶೇ. 68ರಷ್ಟು ಭಾಗಗಳಲ್ಲಿ ವೈಫಲ್ಯದ ಸಂಭವ ಅತಿ ಹೆಚ್ಚಾಗಿದ್ದುದು ಜೋಡಿಸಿದ ಹೊಸತರಲ್ಲಿಯೇ. ವಿಮಾನದ ಅಂಕೆಗಳನ್ನು ಗೇರುಬೀಜದ ಕಾರ್ಖಾನೆಗೆ ಹಾಗೆಯೇ ತಂದು ಹಾಕಲಾಗದು. ನಿಮ್ಮ ಒಡೆಯುವ ಯಂತ್ರದ ಬ್ಲೇಡು, ಕನ್ವೇಯರ್ ಬೆಲ್ಟು, ಬಾಯ್ಲರಿನ ತುರಿ ಇವೆಲ್ಲ ಸವೆಯುವ ವಸ್ತುಗಳೇ ಆಗಿರುವುದರಿಂದ ಅವುಗಳಿಗೆ ಕಾಲಮಿತಿ ಬೇಕು. ಆದರೆ ಮೋಟರು, ಗೇರ್‌ಬಾಕ್ಸು, ಪಂಪುಗಳ ವಿಷಯದಲ್ಲಿ, ಬಿಚ್ಚಿ ಜೋಡಿಸಿದ ನಂತರದ ಎರಡು ವಾರಗಳಲ್ಲಿ ಎಷ್ಟು ಬಾರಿ ತೊಂದರೆ ಬಂದಿದೆ ಎಂದು ನಿಮ್ಮ ಲಾಗ್‌ಬುಕ್ಕಿನಲ್ಲಿಯೇ ಎಣಿಸಿ ನೋಡಿ. ಆ ಸಂಖ್ಯೆ ದೊಡ್ಡದಾಗಿದ್ದರೆ ನಿಮಗೆ ಬೇಕಿರುವುದು ಹೆಚ್ಚು ನಿರ್ವಹಣೆಯಲ್ಲ, ಹೆಚ್ಚು ಅಚ್ಚುಕಟ್ಟಾದ ಜೋಡಣೆ.

ಆ ಅಚ್ಚುಕಟ್ಟುತನ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಗ್ರೀಸಿನಲ್ಲಿ. "ಹೊಸ ಗ್ರೀಸ್ ಹೊರಬರುವ ತನಕ ಪಂಪ್ ಮಾಡು" ಎಂಬುದು ನಮ್ಮ ಕಡೆಯ ಫಿಟ್ಟರ್‌ಗಳು ತಲೆಮಾರಿನಿಂದ ತಲೆಮಾರಿಗೆ ಕಲಿತು ಬಂದ ಪದ್ಧತಿ. ಬೇರಿಂಗಿಗೆ ಮರುಪೂರಣ ಮಾಡಬೇಕಾದ ಗ್ರೀಸಿನ ತೂಕವನ್ನು ಒಂದು ಸರಳ ಸೂತ್ರದಿಂದ ಕಂಡುಕೊಳ್ಳಬಹುದು: ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಅದನ್ನು 0.005ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಬರುತ್ತದೆ. 6312 ಸಂಖ್ಯೆಯ ಬೇರಿಂಗಿನ ಹೊರವ್ಯಾಸ 130, ಅಗಲ 31. ಬೇಕಾದ ಗ್ರೀಸ್ ಸುಮಾರು 20 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಬಿಡುತ್ತದೆ ಎಂಬುದನ್ನು ಪ್ಯಾಕಿಂಗ್ ವಿಭಾಗದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಒಂದು ಕಾಗದದ ಮೇಲೆ ಹತ್ತು ಒತ್ತು ಹಾಕಿಸಿ, ಎಲ್ಲ ಫಿಟ್ಟರ್‌ಗಳ ಎದುರಿನಲ್ಲಿ ತೂಗಿಸಿ. ನಂತರ ಪ್ರತಿಯೊಂದು ಮೋಟರಿನ ಮೇಲೆ ಎಷ್ಟು ಒತ್ತು, ಎಷ್ಟು ವಾರಕ್ಕೊಮ್ಮೆ, ಯಾವ ಗ್ರೀಸ್ ಎಂದು ಬರೆದ ಚೀಟಿ ಅಂಟಿಸಿ. ಹೆಚ್ಚಾದ ಗ್ರೀಸ್ ಒಳಗೇ ಕಡೆದುಕೊಂಡು ಬಿಸಿಯಾಗುತ್ತದೆ, ಸೀಲು ದಾಟಿ ಮೋಟರಿನ ವೈಂಡಿಂಗಿನ, ಅಂದರೆ ತಂತಿಸುರುಳಿಯ ಮೇಲೆ ಹರಡುತ್ತದೆ. ಬೇರೆ ಬೇರೆ ಬಗೆಯ ಸೋಪಿನ ಗ್ರೀಸುಗಳು ಬೆರೆತರೆ ನೀರಾಗಿ ಇಳಿದುಹೋಗುವುದೂ ಉಂಟು. ತಕ್ಕಡಿಯ ಮುಂದೆ ನಡೆದ ಹತ್ತು ನಿಮಿಷದ ಪಾಠವು ತರಗತಿಯಲ್ಲಿ ನಡೆಸಿದ ಇಡೀ ದಿನದ ತರಬೇತಿಗಿಂತ ಆಳವಾಗಿ ಇಳಿಯುತ್ತದೆ.

ಇನ್ನು ಮಳೆಗಾಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಕುಳಿತು, ಒಣನಾಡಿನ ಯಂತ್ರ ತಯಾರಕರು ಕೊಟ್ಟ ವೇಳಾಪಟ್ಟಿಯನ್ನು ಹಾಗೆಯೇ ಅನುಸರಿಸುವುದರಲ್ಲಿ ಅರ್ಥವಿಲ್ಲ. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಹೊಗೆಯನ್ನು ಚಿಮಣಿಗೆ ಎಳೆಯುವ ಐ.ಡಿ. ಫ್ಯಾನಿನ ಮೋಟರು ಎರಡು ಮಳೆಗಾಲಗಳಲ್ಲಿ ಸತತವಾಗಿ ಸುಟ್ಟುಹೋಗಿತ್ತು. ಎರಡು ಸಲವೂ ಲಾಗ್‌ಬುಕ್ಕಿನಲ್ಲಿ "ಮೋಟರ್ ಸುಟ್ಟಿದೆ, ರಿವೈಂಡ್ ಮಾಡಿಸಲಾಗಿದೆ" ಎಂದಷ್ಟೇ ಬರೆಯಲಾಗಿತ್ತು. ಮೂರನೆಯ ಬಾರಿ ಸುಡುವ ಮೊದಲು ಟರ್ಮಿನಲ್ ಬಾಕ್ಸ್ ತೆರೆಸಿ ನೋಡಿದಾಗ, ತಳದಿಂದ ಒಂದು ಬೆರಳು ಎತ್ತರದಲ್ಲಿ ನೀರು ನಿಂತ ಕಂದು ಗೆರೆ ಕಂಡಿತು. ಟರ್ಮಿನಲ್ ಬೋಲ್ಟುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಕೇಬಲ್ಲು ಮೇಲಿನ ಟ್ರೇಯಿಂದ ನೇರವಾಗಿ ಇಳಿದು ಮೇಲ್ಮುಖವಾಗಿದ್ದ ಗ್ಲ್ಯಾಂಡಿನ (ಕೇಬಲ್ಲನ್ನು ಬಿಗಿಹಿಡಿಯುವ ಬಾಯಿಯ) ಮೂಲಕ ಬಾಕ್ಸನ್ನು ಹೊಗುತ್ತಿತ್ತು. ಗ್ಲ್ಯಾಂಡಿನ ಸೀಲು ಕೇಬಲ್ಲಿಗಿಂತ ಒಂದು ಸೈಜು ದೊಡ್ಡದಿತ್ತು. ಶೆಡ್ಡಿನ ಶೀಟಿನಿಂದ ತೊಟ್ಟಿಕ್ಕಿದ ನೀರು ಕೇಬಲ್ಲನ್ನೇ ದಾರಿ ಮಾಡಿಕೊಂಡು ಒಳಗಿಳಿಯುತ್ತಿತ್ತು. ಬಾಕ್ಸನ್ನು ತಿರುಗಿಸಿ ಗ್ಲ್ಯಾಂಡನ್ನು ಕೆಳಮುಖ ಮಾಡಿ, ಸರಿಯಾದ ಸೀಲು ಹಾಕಿ, ಕೇಬಲ್ಲು ಬಾಕ್ಸಿಗಿಂತ ಕೆಳಗಿಳಿದು ಮತ್ತೆ ಮೇಲೇರುವಂತೆ ಒಂದು ಬಾಗು ಕೊಟ್ಟ ಮೇಲೆ ಆ ಮೋಟರು ಮತ್ತೆ ಸುಡಲಿಲ್ಲ. ಮೊದಲ ರಿವೈಂಡಿಂಗಿನ ದಿನವೇ "ಯಾಕೆ ಸುಟ್ಟಿತು" ಎಂದು ಕೇಳಿದ್ದರೆ ಎರಡನೆಯದು ಉಳಿಯುತ್ತಿತ್ತು.

ನೀವು ಏಪ್ರಿಲ್ ತಿಂಗಳಿನಲ್ಲಿಯೇ ಎಲ್ಲ ಮುಖ್ಯ ಮೋಟರುಗಳಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ನಿನ ರೋಧ ಅಳೆಯುವ ಉಪಕರಣ) ಹಾಕಿಸಿ, ಒಂದು ನಿಮಿಷದ ಓದನ್ನು ಬರೆದಿಡಿ. 415 ವೋಲ್ಟಿನ ಸಾಮಾನ್ಯ ಮೋಟರಿಗೆ 5 ಮೆಗಾಓಮ್ ಕನಿಷ್ಠ ಎಂಬ ಮಾನದಂಡವಿದೆ. ಆದರೆ ನನಗೆ ಆ ಮಿತಿಗಿಂತ ಇಳಿಕೆಯೇ ಮುಖ್ಯ. ಏಪ್ರಿಲಿನಲ್ಲಿ 200 ಇದ್ದದ್ದು ಜೂನ್ ಮೊದಲ ವಾರ 20ಕ್ಕೆ ಬಂದಿದ್ದರೆ, ಮಿತಿಯೊಳಗೇ ಇದ್ದರೂ ಅದಕ್ಕೆ ಎಲ್ಲಿಂದಲೋ ತೇವ ಹೋಗುತ್ತಿದೆ. ಇನ್ನೊಂದು ಸಂಗತಿಯನ್ನು ಗಮನಿಸಿ: ಓಡುತ್ತಿರುವ ಮೋಟರು ತನ್ನ ಬಿಸಿಯಿಂದಲೇ ಒಣಗಿರುತ್ತದೆ, ತೇವ ಹೀರುವುದು ನಿಂತ ಮೋಟರು. ಭಾನುವಾರ ನಿಂತ ಯಂತ್ರಗಳು ಸೋಮವಾರ ಬೆಳಿಗ್ಗೆ ಟ್ರಿಪ್ ಆಗುತ್ತಿವೆಯೇ ಎಂದು ಲಾಗ್‌ಬುಕ್ಕಿನಲ್ಲಿ ವಾರದ ದಿನದ ಪ್ರಕಾರ ವಿಂಗಡಿಸಿ ನೋಡಿ. ಹೌದಾದರೆ ನಿಂತ ಮೋಟರನ್ನು ಬೆಚ್ಚಗಿಡುವ ಸ್ಪೇಸ್ ಹೀಟರ್ ಅಳವಡಿಸುವುದು ಹೊಸ ಮೋಟರಿಗಿಂತ ಬಹಳ ಅಗ್ಗದ ಪರಿಹಾರ. ಮಳೆಗಾಳಿಗೆ ವಿದ್ಯುತ್ ಪೂರೈಕೆಯೂ ಏರುಪೇರಾಗುತ್ತದೆ. ಮೂರು ಫೇಸುಗಳ ನಡುವೆ ವೋಲ್ಟೇಜ್ ಅಸಮತೋಲನ ಶೇ. 3 ಇದ್ದರೆ ವೈಂಡಿಂಗಿನ ಉಷ್ಣತೆಯ ಏರಿಕೆ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ; ಇನ್ಸುಲೇಷನ್ ತನ್ನ ಮಿತಿಯನ್ನು 10 ಡಿಗ್ರಿ ಮೀರಿ ಕೆಲಸ ಮಾಡಿದರೆ ಅದರ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ. ಫೇಸ್ ಅಸಮತೋಲನದ ರಿಲೇ ಕೆಲಸ ಮಾಡುತ್ತಿದೆಯೇ, ಅಥವಾ ಯಾರಾದರೂ "ಪದೇ ಪದೇ ಟ್ರಿಪ್ ಆಗುತ್ತದೆ" ಎಂದು ಬೈಪಾಸ್ ಮಾಡಿದ್ದಾರೆಯೇ ಎಂದು ಪ್ಯಾನೆಲ್ ತೆರೆದು ನೋಡಿ.

ಈ ತನಕ ನಿಂತುಹೋಗುವ ಯಂತ್ರಗಳ ಬಗ್ಗೆ ಹೇಳಿದೆ. ನಿಮ್ಮ ಉದ್ಯಮದಲ್ಲಿ ನಿಲ್ಲದೆಯೇ ಕೆಡುವ ಯಂತ್ರಗಳು ಅದಕ್ಕಿಂತ ಹೆಚ್ಚು ಹಣ ತಿನ್ನುತ್ತವೆ. ಇಡೀ ತಿರುಳಿಗೆ ಸಿಗುವ ಬೆಲೆ ಹೋಳಿಗಾಗಲಿ ತುಂಡಿಗಾಗಲಿ ಸಿಗುವುದಿಲ್ಲ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಡೆಯುವ ಯಂತ್ರದ ಬ್ಲೇಡು ಮೊಂಡಾಗಿದ್ದರೆ, ಬೀಜದ ಗಾತ್ರಕ್ಕೆ ಅದರ ಅಂತರ ಹೊಂದದಿದ್ದರೆ, ಯಂತ್ರ ದಿನವಿಡೀ ಓಡುತ್ತಲೇ ಇರುತ್ತದೆ, ಬ್ರೇಕ್‌ಡೌನ್ ವರದಿಯಲ್ಲಿ ಸೊನ್ನೆ ಇರುತ್ತದೆ, ಮಾಲೀಕರ ಲಾಭ ಮಾತ್ರ ತುಂಡುಗಳ ಟ್ರೇಯಲ್ಲಿ ಬೀಳುತ್ತಿರುತ್ತದೆ. ಯಂತ್ರವು ತನ್ನಿಂದ ಬಯಸಿದ ಕೆಲಸವನ್ನು ಬಯಸಿದ ಮಟ್ಟದಲ್ಲಿ ಮಾಡದಿರುವುದೇ ವೈಫಲ್ಯ ಎಂಬ ಅರ್ಥವನ್ನು ನಿಮ್ಮ ವಿಭಾಗ ಒಪ್ಪಿಕೊಳ್ಳಬೇಕು. ಪ್ರತಿಯೊಂದು ಒಡೆಯುವ ಯಂತ್ರದ ಇಡೀ ತಿರುಳಿನ ಪ್ರಮಾಣವನ್ನು ಶಿಫ್ಟಿಗೊಮ್ಮೆ ಮಾದರಿ ತೆಗೆದು ಬರೆಯಿರಿ. ಅದು ಯಾವ ಮಟ್ಟಕ್ಕೆ ಇಳಿದರೆ ಬ್ಲೇಡ್ ಬದಲಿಸಬೇಕು ಎಂಬುದನ್ನು ಉತ್ಪಾದನಾ ವಿಭಾಗದವರೊಡನೆ ಕುಳಿತು ಮೊದಲೇ ತೀರ್ಮಾನಿಸಿ. ಹಾಗೆ ಮಾಡಿದ ದಿನದಿಂದ ಅವರಿಗೂ ನಿಮಗೂ ನಡುವಿನ ಜಗಳದ ಸ್ವರೂಪವೇ ಬದಲಾಗುತ್ತದೆ, ಏಕೆಂದರೆ ಯಂತ್ರ ನಿಲ್ಲಿಸಿ ಎಂದು ಅವರೇ ಬಂದು ಕೇಳುತ್ತಾರೆ.

ಬಾಯ್ಲರಿಗೂ ಇದೇ ಮಾತು ಅನ್ವಯಿಸುತ್ತದೆ. ಗೇರುಸಿಪ್ಪೆ ಉರಿಸುವವರ ಬಾಯ್ಲರಿನಲ್ಲಿ ಟ್ಯೂಬುಗಳ ಮೇಲೆ ಜಿಡ್ಡುಮಸಿ ಬೇಗ ಕಟ್ಟುತ್ತದೆ. ಚಿಮಣಿಯ ಹೊಗೆಯ ಉಷ್ಣತೆ ಸುಮಾರು 22 ಡಿಗ್ರಿ ಏರಿದರೆ ದಕ್ಷತೆ ಶೇ. 1 ಕಡಿಮೆಯಾಯಿತೆಂದು ತಿಳಿಯಬಹುದು. ಟ್ಯೂಬ್ ಸ್ವಚ್ಛಗೊಳಿಸುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವ ಬದಲು ಆ ಥರ್ಮಾಮೀಟರ್ ನೋಡಿ ಗೊತ್ತುಮಾಡಿ.

ಯಂತ್ರದ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ತಿಳಿಯುವವರು ಅದರ ಮುಂದೆ ಎಂಟು ಗಂಟೆ ಕೂರುವವರು. ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಅವರಲ್ಲಿ ಬಹುಪಾಲು ಮಹಿಳೆಯರು. ಗಾಳಿಯ ಒತ್ತಡ ಕುಗ್ಗಿದ್ದು, ಕಂಪನ ಹೆಚ್ಚಾದದ್ದು, ಸಿಪ್ಪೆ ಬಿಡುವುದು ತಡವಾದದ್ದು ಅವರಿಗೆ ಮಾಪಕಕ್ಕಿಂತ ಮೊದಲೇ ಗೊತ್ತಾಗುತ್ತದೆ. ಅವರು ತುಳುವಿನಲ್ಲಿ ವಿವರವಾಗಿ ಹೇಳಿದ್ದನ್ನು ಮೇಲ್ವಿಚಾರಕರು ಎರಡು ಪದಗಳಲ್ಲಿ "ಯಂತ್ರ ಸರಿಯಿಲ್ಲ" ಎಂದು ಬರೆದು ಕಳಿಸುವಷ್ಟರಲ್ಲಿ ಆ ಜ್ಞಾನವೆಲ್ಲ ಸೋರಿಹೋಗಿರುತ್ತದೆ. ದಿನಕ್ಕೊಮ್ಮೆ ನಿಮ್ಮ ಫಿಟ್ಟರ್ ಒಬ್ಬರು ಸಾಲಿನುದ್ದಕ್ಕೂ ನಡೆದು ಅವರನ್ನೇ ನೇರವಾಗಿ ಕೇಳಿ ಬರಲಿ. ಹೇಳಿದ್ದು ಸರಿಹೋದ ಮೇಲೆ ಹೇಳಿದವರಿಗೇ ಹೋಗಿ ತಿಳಿಸಬೇಕು. ಇದನ್ನು ಮರೆತರೆ ಮೂರನೆಯ ಸಲ ಯಾರೂ ಹೇಳುವುದಿಲ್ಲ.

ಇಷ್ಟರ ನಡುವೆ ಕಾಲಕಾಲಕ್ಕೆ ತಪ್ಪದೆ ಮಾಡಲೇಬೇಕಾದ ಒಂದು ಬಗೆಯ ಪರೀಕ್ಷೆ ಇದೆ. ಬಾಯ್ಲರಿನ ನೀರಿನ ಮಟ್ಟ ಇಳಿದಾಗ ಬೆಂಕಿಯ ಗಾಳಿಯನ್ನು ತಡೆಯಬೇಕಾದ ಕಟ್-ಆಫ್, ಸುರಕ್ಷತಾ ವಾಲ್ವ್, ತುರ್ತು ನಿಲುಗಡೆಯ ಗುಂಡಿ ಇವೆಲ್ಲ ಕೆಟ್ಟಿದ್ದರೂ ಯಾರಿಗೂ ತಿಳಿಯುವುದಿಲ್ಲ. ಬೇಕಾದ ಗಳಿಗೆಯಲ್ಲಿ ಕೈಕೊಟ್ಟಾಗಲೇ ತಿಳಿಯುವುದು. ಆದ್ದರಿಂದ ಅವುಗಳನ್ನು ಉದ್ದೇಶಪೂರ್ವಕವಾಗಿ ಕೆಲಸ ಮಾಡಿಸಿ ನೋಡಬೇಕು, ಯಾರು ಯಾವಾಗ ನೋಡಿದರೆಂದು ಬರೆಯಬೇಕು. ಶಿಫ್ಟ್ ಬದಲಾಗುವಾಗಿನ ಹಸ್ತಾಂತರವೂ ಇದೇ ಗಂಭೀರತೆಯಿಂದ ನಡೆಯಬೇಕು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗಾಗಿ ತೆಗೆದಿರುವ ವಿಷಯ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಆ ದುರಂತದಲ್ಲಿ 167 ಮಂದಿ ಸತ್ತರು. ನಿಮ್ಮ ಬೀಜ ಮೇಲೆತ್ತುವ ಎಲಿವೇಟರಿನೊಳಗೆ ಕೈ ಹಾಕುವ ಫಿಟ್ಟರಿನ ಬೀಗ ಸ್ವಿಚ್ಚಿನ ಮೇಲಿರಬೇಕು, ಬೀಗದ ಕೀ ಅವನ ಜೇಬಿನಲ್ಲಿಯೇ ಇರಬೇಕು, ಬಿಚ್ಚಿಟ್ಟ ಯಂತ್ರದ ವಿಷಯ ಬಾಯಿಮಾತಿನಲ್ಲಿಯೂ ಬರಹದಲ್ಲಿಯೂ ಮುಂದಿನ ಪಾಳಿಗೆ ಯಂತ್ರದ ಎದುರಿನಲ್ಲಿಯೇ ದಾಟಬೇಕು. ಈ ವಿಷಯದಲ್ಲಿ ಉತ್ಪಾದನೆಯ ಒತ್ತಡಕ್ಕೆ ಒಂದಿನಿತೂ ಬಾಗಬೇಡಿ.

ಇನ್ನಿಬ್ಬರು ಫಿಟ್ಟರ್‌ಗಳ ಪ್ರಶ್ನೆ. ಈಗ ಕೇಳಬೇಡಿ. ಇರುವ ಹನ್ನೊಂದು ಮಂದಿಯಲ್ಲಿ ಅನುಭವಿಯೂ ಬರವಣಿಗೆಯಲ್ಲಿ ಶಿಸ್ತಿರುವವರೂ ಆದ ಒಬ್ಬರನ್ನು ಸ್ಪ್ಯಾನರ್‌ನಿಂದ ಪೂರ್ಣವಾಗಿ ಬಿಡಿಸಿ, ಯೋಜನೆಯ ಕೆಲಸಕ್ಕೆ ಕೂರಿಸಿ. ಮುಂದಿನ ವಾರದ ಕೆಲಸಗಳಿಗೆ ಬೇಕಾದ ಬೇರಿಂಗು, ಸೀಲು, ಸಲಕರಣೆ, ಅನುಮತಿ ಎಲ್ಲವನ್ನೂ ಮುಂಚಿತವಾಗಿ ಒಂದು ಟ್ರೇಯಲ್ಲಿ ಜೋಡಿಸಿಡುವುದು ಅವರ ಹೊಣೆ. ಫಿಟ್ಟರ್‌ಗಳ ದಿನದಲ್ಲಿ ಬಹಳಷ್ಟು ಸಮಯ ಸ್ಟೋರಿಗೆ ಓಡಾಡುವುದರಲ್ಲಿ, ಕಾಯುವುದರಲ್ಲಿ ಕಳೆಯುತ್ತದೆ. ಅದನ್ನು ಉಳಿಸಿದರೆ ನೀವು ಕೇಳಬೇಕೆಂದಿರುವ ಆ ಇಬ್ಬರು ಇರುವವರಲ್ಲಿಯೇ ಸಿಗುತ್ತಾರೆ. ಮೊದಲ ತಿಂಗಳು ದೊಡ್ಡ ಬ್ರೇಕ್‌ಡೌನ್ ಬಂದಾಗಲೆಲ್ಲ ಆ ವ್ಯಕ್ತಿಯನ್ನು ಮತ್ತೆ ಸ್ಪ್ಯಾನರ್ ಹಿಡಿಯಲು ಕರೆಯಬೇಕೆಂಬ ಒತ್ತಡ ನಿಮ್ಮ ಮೇಲೆಯೇ ಬರುತ್ತದೆ, ಕರೆಯುವವರೂ ನೀವೇ ಆಗಿರುತ್ತೀರಿ. ಕರೆಯಬೇಡಿ.

ಉತ್ಪಾದನಾ ವಿಭಾಗದವರಿಂದ ಯಂತ್ರ ಕೇಳುವಾಗ "ನಿರ್ವಹಣೆಗೆ ಬೇಕು" ಎಂದು ಕೇಳಿದರೆ ಯಾರೂ ಕೊಡುವುದಿಲ್ಲ. ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಮೂರನೆಯ ನಂಬರಿನ ಡ್ರೈಯರ್, ಫ್ಯಾನಿನ ಬೇರಿಂಗಿನ ಕಂಪನ ಕಳೆದ ಮೂರು ಓದುಗಳಲ್ಲಿ ಹೀಗೆ ಏರಿದೆ, ಬಿಡಿಭಾಗ ಕೈಯಲ್ಲಿದೆ, ಎಂದು ಕೇಳಿ. ನಾಲ್ಕು ಗಂಟೆಗೆ ಕೊಡುತ್ತೇನೆಂದದ್ದನ್ನು ನಾಲ್ಕಕ್ಕೇ ಕೊಡಿ. ಕಂಪನ ಅಥವಾ ಉಷ್ಣತೆಯ ಓದು ಎಷ್ಟು ದಿನಕ್ಕೊಮ್ಮೆ ಬೇಕೆಂಬುದಕ್ಕೂ ಒಂದು ಲೆಕ್ಕವಿದೆ: ತೊಂದರೆಯ ಮೊದಲ ಸುಳಿವು ಕಂಡಾಗಿನಿಂದ ಯಂತ್ರ ನಿಲ್ಲುವ ತನಕ ಆರು ವಾರ ಸಿಗುವಂತಿದ್ದರೆ, ಮೂರು ವಾರಕ್ಕಿಂತ ಹೆಚ್ಚು ಅಂತರವಿರಬಾರದು. ಕೈಗೆ ಬಿಸಿ ತಾಗುವ ಹೊತ್ತಿಗೆ ಉಳಿದಿರುವುದು ದಿನಗಳೋ ಗಂಟೆಗಳೋ ಮಾತ್ರ.

ಮಾಲೀಕರ ಮುಂದೆ ಮುಂದಿನ ಸಭೆಯಲ್ಲಿ ಶೇ. 95 ಎಂಬ ಅಂಕೆಯನ್ನು ಇಡಬೇಡಿ. ಎರಡು ಸಲಕ್ಕಿಂತ ಹೆಚ್ಚು ಮರುಕಳಿಸಿದ ಬ್ರೇಕ್‌ಡೌನ್‌ಗಳ ಪಟ್ಟಿ, ಅವುಗಳಿಂದ ನಷ್ಟವಾದ ಗಂಟೆಗಳು, ಇಡೀ ತಿರುಳಿನ ಪ್ರಮಾಣ, ಈ ಮೂರನ್ನು ಇಡಿ. ಪಟ್ಟಿಯ ಮೇಲ್ತುದಿಯ ಎರಡನ್ನು ಮಾತ್ರ ಆರಿಸಿ, ಮೂಲ ಕಾರಣ ಸಿಗುವ ತನಕ ಬಿಡದೆ ಹಿಂಬಾಲಿಸಿ. ಅವು ಮುಗಿದ ಮೇಲೆ ಮುಂದಿನ ಎರಡು. ಮೇ ಎರಡನೆಯ ವಾರದಲ್ಲಿ ಮಳೆಗಾಲಪೂರ್ವ ಶಟ್‌ಡೌನಿಗೆ ದಿನಗಳನ್ನು ಈಗಲೇ ಬರಹದಲ್ಲಿ ಕೇಳಿಕೊಳ್ಳಿ. ಆ ದಿನಗಳಲ್ಲಿ ಮಾಡುವ ಕೆಲಸದಲ್ಲಿ ಮೋಟರುಗಳ ಗ್ಲ್ಯಾಂಡ್, ಶೀಟಿನ ಸೋರಿಕೆ, ಪ್ಯಾನೆಲಿನ ಗ್ಯಾಸ್ಕೆಟ್, ಗಾಳಿಯ ಲೈನಿನ ಇಳಿಜಾರು ಮತ್ತು ಡ್ರೈನ್‌ಗಳಿಗೆ ಮೊದಲ ಸ್ಥಾನ ಕೊಡಿ. ಬಣ್ಣ ಬಳಿಯುವುದು ಸಮಯ ಉಳಿದರೆ ಸಾಕು.